ಸರಾಸರಿಗೆ ಬಿದ್ದವರು

ಮೂತ್ರಪಿಂಡವನ್ನು ಸೊಂಟಕ್ಕೆ ಕಟ್ಟಿಕೊಂಡು ತಿರುಗಾಡುವ ಕಾಲ ಬಂದರೆ ಬದುಕು ಸುಲಭವಾಗುತ್ತದೆ ಎಂದು ಹಿಂದಿನ ವಿಜ್ಞಾನಿಗಳು ನಂಬಿದ್ದರು. ಆ ಕಾಲ ಬಂತು, ಬದುಕು ಮಾತ್ರ ಸುಲಭವಾಗಲಿಲ್ಲ. ದಾವಣಗೆರೆಯಲ್ಲಿ ಬೇಸಿಗೆ ವರ್ಷದ ಮುಕ್ಕಾಲು ಪಾಲನ್ನು ನುಂಗಿ ತೇಗುತ್ತಿದ್ದ ದಿನಗಳು ಅವು. ಬಿಸಿಲಿಗೆ ಬೆವರಿ, ಕೊಳವೆಬಾವಿಯ ಉಪ್ಪುನೀರು ಕುಡಿದು ಜನರ ಮೂತ್ರಪಿಂಡಗಳು ಒಂದೊಂದಾಗಿ ಕೈಕೊಟ್ಟಾಗ ಸರಕಾರ ಜರಡಿ ಹಂಚಿತು. ಅದಕ್ಕೆ ಮಾರುದ್ದದ ಇಂಗ್ಲಿಷ್ ಹೆಸರಿತ್ತು. ನಾಲಿಗೆ ಹೊರಳದ ಜನ, ರಕ್ತ ಸೋಸುವುದು ತಾನೇ, ಜರಡಿ ಎಂದರಾಯಿತು ಎಂದು ಅದನ್ನೇ ರೂಢಿ ಮಾಡಿಕೊಂಡರು.

ಜರಡಿ ಎಂದರೆ ಅಂಗೈ ಅಗಲದ ಒಂದು ಪಟ್ಟಿ. ಅದರ ಎರಡು ಸಣ್ಣ ಕೊಳವೆಗಳು ರಕ್ತನಾಳಕ್ಕೆ ಕೂಡಿಕೊಂಡಿರುತ್ತಿದ್ದವು. ಒಮ್ಮೆ ಕೂಡಿದರೆ ಕೂಡಿದಂತೆಯೇ, ಬಿಚ್ಚಿದರೆ ಅದೇ ಜಾಗಕ್ಕೆ ಮತ್ತೆ ಹೊಂದುತ್ತಿರಲಿಲ್ಲ. ದೇಹದ ಕೆಟ್ಟ ಉಪ್ಪನ್ನೂ ಹೆಚ್ಚಿನ ನೀರನ್ನೂ ಅದು ಹಗಲೆಲ್ಲ ಹೊರಗೆ ತೆಗೆಯುತ್ತಿತ್ತು. ಆದರೆ ಇವತ್ತು ಇವರಿಂದ ಎಷ್ಟು ನೀರು ತೆಗೆಯಬೇಕು ಎಂಬ ತೀರ್ಮಾನ ಅದರದ್ದಲ್ಲ. ಪ್ರತಿ ಬೀದಿಗೂ ಜರಡಿ ಸಖಿ ಎಂಬ ಒಬ್ಬ ಆರೋಗ್ಯ ಕಾರ್ಯಕರ್ತೆ ಇದ್ದಳು; ಅವಳ ಪೆಟ್ಟಿಗೆಯಿಂದ ಪ್ರತಿಯೊಬ್ಬರ ರಕ್ತದ ವಿವರ ಒಂದೊಂದು ಫೈಲಾಗಿ ಬೆಳಿಗ್ಗೆ ಜಿಲ್ಲಾ ಜರಡಿ ಕೇಂದ್ರಕ್ಕೆ ಬರುತ್ತಿತ್ತು. ಅಲ್ಲಿ ತಕ್ಕಡಿ ಎಂಬ ಪ್ರೋಗ್ರಾಮು ಲೆಕ್ಕ ಹಾಕಿ ಅವರವರ ಪಾಲನ್ನು ಅವರವರ ಪಟ್ಟಿಗೆ ಕಳಿಸುತ್ತಿತ್ತು. ತಿಂಡಿಯ ಹೊತ್ತಿಗೆ ಲೆಕ್ಕ ಬರದಿದ್ದರೆ ಪಟ್ಟಿ ಕಾಯುತ್ತಿರಲಿಲ್ಲ. ಸರಾಸರಿ ಮನುಷ್ಯನಿಗೆ ಎಷ್ಟೋ ಅಷ್ಟು ನೀರನ್ನು ಎಳೆಯಲು ಶುರುಮಾಡುತ್ತಿತ್ತು. ಸರಾಸರಿ ಮನುಷ್ಯ ಎಂಬಾತ ಈವರೆಗೆ ಯಾವ ತಾಯಿಯ ಹೊಟ್ಟೆಯಲ್ಲೂ ಹುಟ್ಟಿಲ್ಲ, ಇದೇ ತೊಂದರೆ.

ಸಿಂಚನಾ ಆ ಕೇಂದ್ರದ ನಿಯಂತ್ರಣ ಕೊಠಡಿಯಲ್ಲಿ ಕೂತೇ ತಲೆ ನರೆಸಿಕೊಂಡವಳು. ಹೆಸರು ಕೇಳಿ ಎಳೆಯ ಹುಡುಗಿ ಅಂದುಕೊಳ್ಳಬೇಡಿ. ತಿಮ್ಮಕ್ಕ, ಪುಟ್ಟೀರಮ್ಮ ಎಂಬ ಅಜ್ಜಿಯರ ಕಾಲ ಮುಗಿದು ಬಹಳ ದಿನವಾಗಿತ್ತು. ಈಗ ಊರುಗೋಲು ಹಿಡಿದವರೆಲ್ಲ ದೀಕ್ಷಾ, ರಕ್ಷಿತಾ, ಸ್ಪಂದನಾ. ಹಲ್ಲುಸೆಟ್ಟು ತೊಳೆದಿಡುವವರು ತೇಜಸ್, ಭುವನ್. ಸಿಂಚನಾಗೆ ಮಂಡಿನೋವಿತ್ತು, ಕಣ್ಣುರಿಯಿತ್ತು, ಯಾರಾದರೂ ಮೇಡಂ ಎಂದು ಕರೆದರೆ ತಿರುಗಿ ನೋಡಲೂ ಬೇಸರವಿತ್ತು. ಕೆಲಸದ ಮೇಲೆ ಸಿಟ್ಟಿರಲಿಲ್ಲ, ಅಷ್ಟು ಶಕ್ತಿ ಉಳಿದಿರಲಿಲ್ಲ.

ತಕ್ಕಡಿಯ ಹೊಸ ಆವೃತ್ತಿ ಬಂದ ಮರುದಿನ ಬೆಳಿಗ್ಗೆ ಪರದೆ ಕೆಂಪಾಯಿತು. ‘ಅಪ್ಪಣೆ ಅರ್ಥವಾಗಲಿಲ್ಲ. ಕೆಲಸ ನಿಲ್ಲಿಸಿದ್ದೇನೆ’ ಎಂದು ಅದರಲ್ಲಿ ಬರೆದಿತ್ತು.

“ಮೇಡಂ, ಮತ್ತೆ ನಿಂತ್ಕಂತು,” ಎಂದ ಪಕ್ಕದ ಕುರ್ಚಿಯ ರಿಜ್ವಾನ್. ಅವನು ಅವಳ ಜೊತೆಗಾರ, ಮನೆಯಲ್ಲಿ ಇಬ್ಬರು ಜರಡಿಯವರನ್ನು ಸಾಕುತ್ತಿದ್ದವ. “ಯಾವ ಅಪ್ಪಣೆ ಅಂತ ಕೇಳಾಣ ಅಂದ್ರೆ ಅದನ್ನೂ ಹೇಳವಲ್ದು. ನಾವ್ಯಾರೂ ಅಪ್ಪಣೆ ಕೊಟ್ಟಿಲ್ಲ.”

ಇಬ್ಬರೂ ಫೈಲುಗಳನ್ನು ಮೇಲಿಂದ ಕೆಳಕ್ಕೆ ನೋಡಿದರು. ಎಲ್ಲ ಹೆಸರುಗಳೂ ಸರಿಯಾಗಿಯೇ ಕಂಡವು. ಮತ್ತೆ ಓಡಿಸಿದರು, ಮತ್ತೆ ನಿಂತಿತು. ಯಂತ್ರವನ್ನು ಆರಿಸಿ ಹೊತ್ತಿಸಿದರು, ಅದೂ ಆಯಿತು. ಗೋಡೆಯ ಗಡಿಯಾರ ತಿಂಡಿಯ ಹೊತ್ತನ್ನು ಮುಟ್ಟುವುದರಲ್ಲಿತ್ತು. ಸಿಂಚನಾ ಪ್ರೋಗ್ರಾಮು ಮಾರಿದ ಕಂಪನಿಗೆ ಫೋನು ಹಚ್ಚಿದಳು.

“ಮೇಡಂ, ನಿಮ್ಮ ಫೋಲ್ಡರಿನಲ್ಲಿ ಎಲ್ಲೋ ಒಂದಿಷ್ಟು ಕಸ ಸೇರಿಕೊಂಡಿದೆ,” ಎಂದಿತು ಆ ಕಡೆಯ ಎಳೆಯ ದನಿ. “ಹೊಸ ಆವೃತ್ತಿ ಸ್ವಲ್ಪ ಸ್ಟ್ರಿಕ್ಟು. ಓದೋಕಾಗದ ಫೈಲು ಬಿಟ್ಟು ಮುಂದೆ ಹೋಗು ಅಂತ ಒಂದು ಸೆಟ್ಟಿಂಗ್ ಇದೆ. ಅದಕ್ಕೊಂದು ಟಿಕ್ ಹಾಕಿ ಸಾಕು.”

“ಬಿಟ್ಟಿದ್ದೆಲ್ಲ ಕಸಾನೇ ಅಂತ ಹೆಂಗೆ ಗೊತ್ತಾಗೋದಪ್ಪ?”

“ಕಸ ಅಲ್ಲದಿದ್ರೆ ಓದ್ತಿತ್ತಲ್ಲ ಮೇಡಂ.”

ಈ ತರ್ಕಕ್ಕೆ ಎದುರು ಹೇಳಲು ಅವಳಿಗೆ ಪುರುಸೊತ್ತಿರಲಿಲ್ಲ. ಇನ್ನೊಂದು ಫೋನಿನಲ್ಲಿ ನಿರ್ದೇಶಕ ಡಾಕ್ಟರ್ ವಿಶ್ವಜಿತ್ ಹಸಿರಾಯಿತೇ, ಹಸಿರಾಯಿತೇ ಎಂದು ಒಂದೇ ಸಮನೆ ಕೇಳುತ್ತಿದ್ದರು. ಸಿಂಚನಾ ಟಿಕ್ ಹಾಕಿದಳು. ತಕ್ಕಡಿ ಸರಸರನೆ ಓಡಿ ಹಸಿರಾಯಿತು. ನೂರಕ್ಕೆ ತೊಂಬತ್ತೆಂಟು ಎಂದು ಕೊನೆಯಲ್ಲಿ ತೋರಿಸಿತು. ರಿಜ್ವಾನ್ ಉಸ್ಸಪ್ಪಾ ಎಂದು ಟೀ ತರಲು ಎದ್ದ. ಬಿಟ್ಟುಹೋದ ಎರಡು ಪಾಲು ಏನೆಂದು ಒಮ್ಮೆ ನೋಡಬೇಕು ಎಂದು ಅವಳ ಮನಸ್ಸು ಕುಟುಕಿತು. ನಾಳೆ ನೋಡೋಣ ಎಂದುಕೊಂಡಳು. ದಣಿದವರ ನಾಳೆ ಅಷ್ಟು ಬೇಗ ಬರುವುದಿಲ್ಲ, ಅವಳದ್ದೂ ಬರಲಿಲ್ಲ.

ಹೊಂಡದ ಸರ್ಕಲ್ಲಿನ ಹತ್ತಿರ ಸಿಂಚನಾಳ ಗಂಡ ಭುವನನದೊಂದು ಬೆಣ್ಣೆದೋಸೆ ಹೋಟೆಲಿತ್ತು. ನಾಲ್ಕು ಬೆಂಚು, ಒಂದು ಕಾವಲಿ, ಕಾವಲಿಯ ಹಿಂದೆ ಕಡ್ಡಿಯಂಥ ಭುವನ. ವರ್ಷಗಟ್ಟಲೆ ಬೆಂಕಿಯ ಮುಂದೆ ನಿಂತು ಅವನ ಮೂತ್ರಪಿಂಡ ಹೋಗಿತ್ತು, ಗುಂಡಿಗೆಯೂ ನಿತ್ರಾಣವಾಗಿತ್ತು. ಅವನ ಜರಡಿ ಎಳೆಯಬೇಕಾದದ್ದು ಬೇರೆಯವರ ಅರ್ಧಕ್ಕಿಂತ ಕಡಿಮೆ. “ಇವರಿಗೆ ಸರಾಸರಿ ಆಗೋದಿಲ್ಲ ಕಣಮ್ಮ,” ಎಂದು ಡಾಕ್ಟರು ಜರಡಿ ಕೂಡಿಸಿದ ದಿನವೇ ಹೇಳಿದ್ದರು. “ಒಂದು ದಿನ ಹೆಚ್ಚು ನೀರು ಹೋದ್ರೆ ಬಿಪಿ ಇಳಿದು ತಲೆಗೆ ರಕ್ತ ಹತ್ತಲ್ಲ. ಹುಷಾರು.” ಅವನ ಬೀದಿಯಲ್ಲಿ ಇನ್ನೊಬ್ಬ ಭುವನ ಇರಲಿಲ್ಲ. ಇದೊಂದು ಪುಣ್ಯವೆಂದು ಸಿಂಚನಾಗೆ ಆಗ ಗೊತ್ತಿರಲಿಲ್ಲ.

ಬಂದವರಿಗೆ ನೀರು ಬೆಲ್ಲ ಕೊಡುತ್ತಿದ್ದ ನಾಡಿನಲ್ಲಿ ಬೆಲ್ಲ ಮಾತ್ರ ಉಳಿದಿತ್ತು. ಜರಡಿಯವರಿಗೆ ದಿನಕ್ಕಿಷ್ಟೇ ನೀರು ಎಂದು ಕಟ್ಟು. ಬೀಗರ ಮನೆಯಲ್ಲಿ ಕೂಡ ನೀರು ಕೊಡಲೇ ಎಂದು ಕೇಳದೆ, ನಿಮ್ಮದು ಇನ್ನೂ ಉಳಿದಿದೆಯೇ ಎಂದು ಕೇಳುವುದು ಮರ್ಯಾದೆಯಾಗಿತ್ತು. ಮದುವೆಗಳಲ್ಲಿ ಪಾನಕವನ್ನು ತೀರ್ಥದ ಹಾಗೆ ಉದ್ಧರಣೆಯಲ್ಲಿ ಬಿಡುತ್ತಿದ್ದರು. ಭುವನ ಬಾಯಲ್ಲೊಂದು ಹುಣಸೆಬೀಜ ಇಟ್ಟುಕೊಂಡು ಬಾಯಾರಿಕೆಯನ್ನು ಏಮಾರಿಸುತ್ತ ದೋಸೆ ಹುಯ್ಯುತ್ತಿದ್ದ.

“ಏನೇ, ಇವತ್ತೂ ಮುಖ ಸುಟ್ಟ ಬದನೆಕಾಯಿ ಆಗೇತಲ್ಲ?” ಎಂದ ಅವನು ಸಂಜೆ.

“ತಕ್ಕಡಿ ಹೊಸದಾಗಿ ಬಂದೈತಿ. ಊರಿಗೆ ಬಂದ ಸೊಸೆ ಹಂಗೆ ಎಲ್ಲದಕ್ಕೂ ಮುನಿಸು.”

“ಸಮಾಧಾನ ಮಾಡಿದ್ಯಾ?”

“ಹೂಂ, ಏನೋ ಒಂದು ಮಾಡ್ದೆ,” ಎಂದು ಅವಳು ಗೋಡೆಗೆ ಒರಗಿ ಕಣ್ಣು ಮುಚ್ಚಿದಳು.

ಹೀಗೇ ದಿನಗಳು ಕಳೆದವು. ಪರದೆ ದಿನವೂ ಹಸಿರು, ದಿನವೂ ತೊಂಬತ್ತೆಂಟು. ಡಾಕ್ಟರ್ ವಿಶ್ವಜಿತ್ ಅದನ್ನು ಜಿಲ್ಲೆಯ ಹೆಮ್ಮೆಯೆಂದು ಸಭೆಯಲ್ಲಿ ಹೇಳಿಕೊಂಡರು. ಊರಲ್ಲಿ ಅಲ್ಲಲ್ಲಿ ಒಬ್ಬಿಬ್ಬರು ಕಾಲು ಸೆಳೆಯುತ್ತದೆ, ತಲೆ ಸುತ್ತುತ್ತದೆ ಎನ್ನುತ್ತಿದ್ದರು. ಬಿಸಿಲು ಎಂದರು ಕೆಲವರು, ವಯಸ್ಸು ಎಂದರು ಉಳಿದವರು. ದಾವಣಗೆರೆಯಲ್ಲಿ ಈ ಎರಡರ ಮೇಲೆ ಹಾಕಿದರೆ ಯಾವ ದೂರೂ ಮುಂದೆ ಹೋಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವರ ಬೀದಿಯ ದೀಕ್ಷಾ ಅಜ್ಜಿ ಬಚ್ಚಲಲ್ಲಿ ಬಿದ್ದು ಹೋಗಿಬಿಟ್ಟಳು. ಗಂಡ ರಾಕೇಶಜ್ಜ ತೀರಿ ವರ್ಷವಾಗಿತ್ತು, ಮಗಳು ಹರಿಹರದಿಂದ ಅಳುತ್ತ ಬಂದಳು. ಹೆಣಕ್ಕೆ ನೀರು ಹಾಕುವ ಮೊದಲು ಜರಡಿ ಬಿಚ್ಚಬೇಕು, ಕೇಂದ್ರಕ್ಕೆ ಹಿಂತಿರುಗಿಸಬೇಕು. ಆ ಕೊಳವೆಗೆ ಕೈಹಾಕಲು ಮನೆಯವರಿಗೆ ಧೈರ್ಯ ಸಾಲದೆ ಸಿಂಚನಾಳನ್ನು ಕರೆದರು. ಅವಳು ಸೆರಗು ಸಿಕ್ಕಿಸಿಕೊಂಡು ಕೂತು, ಅಜ್ಜಿಯ ಸೊಂಟದ ಗುಂಡಿ ತೆಗೆದು, ಕೊಳವೆಗಳನ್ನು ಗಂಟು ಹಾಕಿ, ಪಟ್ಟಿಯನ್ನು ಮೆಲ್ಲನೆ ಎಳೆದಳು. ಪಟ್ಟಿಯ ಮೇಲೆ ಉಗುರಗಲದ ಒಂದು ಗಾಜಿತ್ತು. ಅವತ್ತಿನ ಪಾಲು ಎಷ್ಟೆಂದು ಅದರಲ್ಲಿ ಅಂಕಿ ಇರುತ್ತಿತ್ತು. ದೀಕ್ಷಾ ಅಜ್ಜಿಯ ಗಾಜಿನಲ್ಲಿ ಅಂಕಿ ಇರಲಿಲ್ಲ. ‘ಸರಾಸರಿ’ ಎಂದಿತ್ತು.

ಸಿಂಚನಾ ಗುಂಡಿ ಒತ್ತಿ ಹಿಂದಿನ ದಿನಕ್ಕೆ ಹೋದಳು. ಸರಾಸರಿ. ಅದರ ಹಿಂದಿನ ದಿನ, ಅದರ ಹಿಂದೆ, ಹೊಸ ಆವೃತ್ತಿ ಬಂದ ದಿನದವರೆಗೂ ಅದೇ ಮಾತು. ಅಜ್ಜಿ ನಲವತ್ತು ಕಿಲೋ ಕೂಡ ತೂಗದ ಹಕ್ಕಿಯಂಥ ಹೆಂಗಸು. ಜರಡಿ ಅವಳನ್ನು ದಿನವೂ ಬಟ್ಟೆಯ ಹಾಗೆ ಹಿಂಡಿತ್ತು. ಹಿಂಡಲು ಬಿಟ್ಟವಳು ತಾನೇ ಎಂದು ತಿಳಿದಾಗ ಸಿಂಚನಾ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಅತ್ತುಬಿಟ್ಟಳು. ಮಗಳು ಬಂದು ಭುಜ ಹಿಡಿದು, “ಅಳಬೇಡ್ರಿ ಆಂಟಿ, ಸುಖವಾದ ಸಾವು,” ಎಂದು ಅವಳಿಗೇ ಸಮಾಧಾನ ಹೇಳಿದಳು.

ಅಲ್ಲಿಂದ ಅವಳು ನೇರ ಕೇಂದ್ರಕ್ಕೆ ಹೋದಳು. ಕಂಪ್ಯೂಟರಿನ ಪ್ರತಿ ಫೈಲಿಗೂ ಹೆಸರಿನ ಕೊನೆಗೆ ಒಂದು ಚುಕ್ಕಿ, ಚುಕ್ಕಿಯ ಆಚೆ ಒಂದೆರಡು ಅಕ್ಷರ ಇರುತ್ತವೆ. ಬಲ್ಲವರು ಅದನ್ನು ಎಕ್ಸ್‌ಟೆನ್ಶನ್ ಎನ್ನುತ್ತಾರೆ, ಕೇಂದ್ರದವರು ಬಾಲ ಎನ್ನುತ್ತಿದ್ದರು. ಬಾಲ ನೋಡಿಯೇ ಯಂತ್ರ ಇದು ಚಿತ್ರವೋ, ಲೆಕ್ಕವೋ, ಮಾಡು ಎಂದು ಹೇಳುವ ಅಪ್ಪಣೆಯೋ ಎಂದು ತಿಳಿಯುವುದು. ಆದರೆ ನೋಡುವವರ ಕಣ್ಣಿಗೆ ಚಂದ ಕಾಣಲೆಂದು ಪರದೆ ಬಾಲವನ್ನು ಮುಚ್ಚಿಡುತ್ತದೆ. ಸಿಂಚನಾ ಮುಚ್ಚಿದ್ದನ್ನು ತೆರೆಯುವ ಸೆಟ್ಟಿಂಗ್ ಹುಡುಕಿ ಒತ್ತಿದಳು. ಸಾವಿರಾರು ಫೈಲುಗಳಿಗೆ ‘ಡೇಟಾ’ ಎಂಬ ಬಾಲ ಬಂತು. ಕೆಲವಕ್ಕೆ ಬರಲಿಲ್ಲ. ದೀಕ್ಷಾ ಚುಕ್ಕಿ ಆರ್. ರಕ್ಷಿತಾ ಚುಕ್ಕಿ ಎಂ. ತೇಜಸ್ ಚುಕ್ಕಿ ಕೆ. ಅಲ್ಲಿಗೇ ಮುಗಿದಿತ್ತು.

“ಇದೇನ್ ಮೇಡಂ, ಇನಿಷಿಯಲ್ಲು!” ಎಂದ ರಿಜ್ವಾನ್.

ಅವಳು ತನ್ನ ಬೀದಿಯ ಸಖಿ ಮಂದಾರಳಿಗೆ ಫೋನು ಮಾಡಿದಳು.

“ನಮ್ ಬೀದಿಲಿ ದೀಕ್ಷಾ ಅಂತ ಮೂರು ಜನ ಅದಾರಲ್ಲಕ್ಕ,” ಎಂದಳು ಮಂದಾರ. “ಒಬ್ಬರ ನೀರು ಇನ್ನೊಬ್ಬರಿಗೆ ಹೋದ್ರೆ ಏನ್ ಗತಿ ಅಂತ ಭಯ. ಅದಕ್ಕೆ ಜೋಡಿ ಹೆಸ್ರು ಇದ್ದೋರಿಗೆ ಅಪ್ಪಂದೋ ಯಜಮಾನ್ರದೋ ಒಂದಕ್ಷರ, ಚುಕ್ಕಿ ಇಟ್ಟು ಸೇರಿಸ್ತೀವಿ. ಮದುವೆ ಕಾರ್ಡಿಂದ ರೇಷನ್ ಕಾರ್ಡಿನ ತನಕ ಎಲ್ಲಾ ಕಡೆ ಹಂಗೇ ಅಲ್ವಾ? ಎಲ್ಲಾ ಸಖಿಯರೂ ಹಂಗೇ ಮಾಡ್ತಾರೆ. ಯಾಕಕ್ಕ, ಏನಾತು?”

ಏನಾಯಿತೆಂದರೆ ಇಷ್ಟೇ. ಸಖಿಯ ಪೆಟ್ಟಿಗೆಗೆ ಒಂದು ಸ್ವಭಾವವಿತ್ತು. ಹೆಸರಿನಲ್ಲಿ ಚುಕ್ಕಿ ಇಲ್ಲದಿದ್ದರೆ ಅದು ತಾನೇ ‘ಡೇಟಾ’ ಬಾಲ ಅಂಟಿಸುತ್ತಿತ್ತು. ಚುಕ್ಕಿ ಕಂಡರೆ ಬಾಲ ಆಗಲೇ ಇದೆ ಎಂದು ಸುಮ್ಮನಾಗುತ್ತಿತ್ತು. ಹಳೆಯ ತಕ್ಕಡಿ ಬಾಲ ನೋಡದೆ ಎಲ್ಲವನ್ನೂ ಓದುತ್ತಿತ್ತು. ಹೊಸತು ಬಾಲ ನೋಡಿ ಮಾತಾಡಿಸುವ ಮೊಂಡು, ಹಳೆಯದನ್ನು ಕಂಪನಿ ಆಗಲೇ ಅಳಿಸಿಹಾಕಿತ್ತು. ಆರ್ ಎಂಬುದು ಲೆಕ್ಕದವರು ಕಂಪ್ಯೂಟರಿಗೆ ಅಪ್ಪಣೆ ಬರೆಯುವ ಒಂದು ಹಳೆಯ ಭಾಷೆಯ ಹೆಸರೂ ಹೌದು. ಹಾಗಾಗಿ ರಾಕೇಶನ ಹೆಂಡತಿ, ರೋಹಿತನ ಮಗಳು ಇವರ ಉಪ್ಪು ಸಕ್ಕರೆಯ ಅಂಕಿಗಳನ್ನು ತಕ್ಕಡಿ ಅಪ್ಪಣೆಯೆಂದು ಓದಲು ಹೋಗಿ, ಅರ್ಥವಾಗದೆ ಕೆಂಪಾಗಿತ್ತು. ಸಿಂಚನಾ ಹಾಕಿದ ಟಿಕ್ಕು ಅವರನ್ನೂ, ಎಂ, ಕೆ, ಎಸ್ ಬಾಲದ ಎಲ್ಲರನ್ನೂ ಒಟ್ಟಿಗೆ ಗುಡಿಸಿ ಆಚೆ ಹಾಕಿತ್ತು. ಒಬ್ಬರ ಪಾಲು ಇನ್ನೊಬ್ಬರಿಗೆ ಹೋಗದಿರಲಿ ಎಂದು ಕಾಳಜಿಯಿಂದ ಇಟ್ಟ ಚುಕ್ಕಿಯೇ ಅವರಿಗೆ ಮುಳುವಾಗಿತ್ತು.

“ಹೆಸ್ರು ಇಲ್ಲೇ ತಿದ್ದಿಬಿಡಾಣ ಮೇಡಂ,” ಎಂದ ರಿಜ್ವಾನ್. ಆಗುವುದಿಲ್ಲವೆಂದು ಅವನಿಗೂ ಗೊತ್ತಿತ್ತು. ಕೇಂದ್ರದಲ್ಲಿ ಹೆಸರು ಬದಲಾದರೆ ಸೊಂಟದ ಪಟ್ಟಿ ಅದು ತನ್ನದಲ್ಲವೆಂದು ಲೆಕ್ಕವನ್ನೇ ತಿರಸ್ಕರಿಸುತ್ತಿತ್ತು. ತಿದ್ದಬೇಕಾದದ್ದು ಸಖಿಯ ಪೆಟ್ಟಿಗೆಯಲ್ಲಿ. ಒಮ್ಮೆ ಬರೆದ ಹೆಸರಿಗೆ ಪೆಟ್ಟಿಗೆ ಬೀಗ ಹಾಕಿಕೊಳ್ಳುತ್ತಿತ್ತು, ಆ ಬೀಗದ ಕೈ ಇದ್ದದ್ದು ನಿರ್ದೇಶಕರ ಬಳಿ. ಅಲ್ಲಿಯವರೆಗೆ ಹೆಚ್ಚು ನೀರು ಕುಡಿಯಿರಿ ಎಂದು ಅವರಿಗೆಲ್ಲ ಹೇಳಿಸೋಣವೆಂದರೆ, ಸರಾಸರಿ ಕೆಲವರಿಗೆ ಹೆಚ್ಚಾಗಿದ್ದರೆ ಕೆಲವರಿಗೆ ಕಡಿಮೆಯಾಗಿತ್ತು. ಕಡಿಮೆಯಾದವರ ಎದೆಯಲ್ಲಿ ನೀರು ತುಂಬುತ್ತಿತ್ತು. ಯಾರು ಯಾವ ಕಡೆಯವರೆಂದು ಹೇಳಬೇಕಾದ ತಕ್ಕಡಿಯೇ ಅವರನ್ನು ಓದುತ್ತಿರಲಿಲ್ಲ.

ಡಾಕ್ಟರ್ ವಿಶ್ವಜಿತ್ ಅವಳ ಮಾತನ್ನು ಪೂರ್ತಿ ಕೇಳಿದರು. ಕೆಟ್ಟ ಮನುಷ್ಯರಲ್ಲ, ಅವರೂ ದಣಿದವರೇ.

“ನೂರಕ್ಕೆ ತೊಂಬತ್ತೆಂಟು ಬಂದಿದೆ ಸಿಂಚನಾ. ಯಾವ ಪರೀಕ್ಷೇಲಿ ಇದಕ್ಕೆ ಫೇಲ್ ಮಾಡ್ತಾರೆ?”

“ಸರ್, ಉಳಿದ ಎರಡು ಪಾಲು ಅಂದ್ರೆ ಮನುಷ್ಯರು. ದೀಕ್ಷಾ ಅಜ್ಜಿ ಸತ್ತುಹೋದ್ಲು.”

“ಎಪ್ಪತ್ತು ದಾಟಿದ್ದೋರು. ಜರಡಿ ಇದೆ ಅಂತ ಯಮ ಬರೋದು ಬಿಡ್ತಾನಾ?” ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. “ನೋಡಿ, ಬೀಗ ತೆಗೆಯೋಕೆ ನಾನು ಮೇಲಿನವರ ಒಪ್ಪಿಗೆ ತರಬೇಕು. ಹಸಿರಿದ್ದಾಗ ಬೀಗ ಯಾಕ್ರಿ ಅಂತಾರೆ. ಕೆಂಪು ಬಿದ್ದು ತಿಂಡಿ ಹೊತ್ತು ದಾಟಿದ್ರೆ ಬೇರೆ ಮಾತು, ನಿಯಮದ ಪ್ರಕಾರ ಸಂಜೆಯೊಳಗೆ ತೆಗೀಲೇಬೇಕು. ಈಗ ಅರ್ಜಿ ಕೊಡಿ, ಮಳೆಗಾಲದ ಹೊತ್ತಿಗೆ ಆಗುತ್ತೆ.”

ಮಳೆಗಾಲ ಎಂಬುದು ಯಾವಾಗ ಬರುತ್ತದೆಂದು ಆ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸಿಂಚನಾ ಮನೆಗೆ ನಡೆದಳು. ಕೆಂಪು ಬಿದ್ದರೆ ಬೀಗ ತೆಗೆಯುತ್ತಾರೆ. ಕೆಂಪು ಬೀಳಿಸುವುದು ಅವಳ ಒಂದು ಬೆರಳಿನ ಕೆಲಸ, ಆ ಟಿಕ್ಕು ತೆಗೆದರಾಯಿತು. ಆದರೆ ಕೆಂಪು ಬಿದ್ದ ದಿನ ಜಿಲ್ಲೆಯ ಅಷ್ಟೂ ಜರಡಿಗಳು ಸರಾಸರಿಗೆ ಬೀಳುತ್ತವೆ. ಒಂದು ದಿನದ ಸರಾಸರಿಯನ್ನು ಹೆಚ್ಚಿನವರು ನರಳಿಕೊಂಡು ತಡೆದಾರು. ಭುವನ ತಡೆಯುತ್ತಾನೆಯೇ? ಅತ್ತ ದರಿ, ಇತ್ತ ಪುಲಿ. ದಾರಿಯುದ್ದಕ್ಕೂ ಅವಳಿಗೆ ಬೇರೆ ಯಾವ ಉಪಾಯವೂ ಹೊಳೆಯಲಿಲ್ಲ.

ಭುವನ ಹೋಟೆಲು ಮುಚ್ಚಿ ಬಂದು ಜಗಲಿಯ ಮೇಲೆ ಕಾಲು ನೀಡಿಕೊಂಡಿದ್ದ. ಅವಳು ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದಳು, ಏನನ್ನೂ ಬಿಡಲಿಲ್ಲ.

“ನಂಗೆ ಯಾಕೆ ಹೇಳ್ದೆ?” ಎಂದ ಅವನು. “ನಂಗೆ ಹೇಳ್ದಂಗೆ ಮಾಡಿದ್ರೆ ಪಾಪ ಬರ್ತತಿ ಅಂತಾನಾ?”

“ಹೂಂ.”

“ಈಗ ಪಾಪದಾಗೆ ನಂಗೂ ಪಾಲು ಕೊಟ್ಟೆ ಬಿಡು.” ನಗಲು ನೋಡಿದ, ನಗು ಬರಲಿಲ್ಲ. “ನಂಗೆ ಭಯ ಆಗ್ತತಿ ಕಣೆ.”

“ಬ್ಯಾಡ ಅನ್ನು. ಬ್ಯಾಡ ಅಂದ್ರೆ ನಾನು ಆ ಕಡೆ ತಿರುಗೂ ನೋಡಲ್ಲ. ಆಣೆ ಮಾಡ್ತೀನಿ.”

ಅವಳಿಗೆ ನಿಜಕ್ಕೂ ಅವನು ಬೇಡ ಎನ್ನಲಿ ಎಂದೇ ಆಸೆಯಿತ್ತು. ಊರಿನವರೆಲ್ಲ ಹ್ಯಾಗಾದರೂ ಇರಲಿ, ಈ ಕಡ್ಡಿಯಂಥ ಮನುಷ್ಯ ನಾಳೆಯೂ ಮನೆಗೆ ಬಂದು ತನ್ನ ಮುಖವನ್ನು ಬದನೆಕಾಯಿ ಎನ್ನಲಿ ಎಂದು ಅವಳ ಜೀವ ಬಯಸುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆಯಾಯಿತು.

“ದೀಕ್ಷಾ ಅಜ್ಜಿ ಮೊನ್ನೆ ಹೋಟ್ಲಿಗೆ ಬಂದಿದ್ಲು,” ಎಂದ ಭುವನ. “ಅರ್ಧ ದೋಸೆ ಬಿಟ್ಟು, ಕೈ ನಡುಗ್ತತಿ ಭುವನಾ ಅಂದ್ಲು. ಬಿಸಿಲು ಅಜ್ಜಿ, ಮನೇಗೆ ಹೋಗಿ ಮಲಕ್ಕ ಅಂತ ನಾನೇ ಕಳಿಸ್ದೆ. ಇನ್ನೊಬ್ರು ಬಂದು ಹಂಗೇ ಅಂದ್ರೆ ಏನ್ ಹೇಳ್ಲಿ? ಗೊತ್ತಿದ್ದೂ ಬಿಸಿಲು ಅಂತ ಹೇಳ್ಲಾ?” ಅವಳ ಕೈ ಹಿಡಿದ. “ಮಾಡು. ಒತ್ತಿದ ತಕ್ಷಣ ಮನೇಗೆ ಬಾ. ನಾನು ಒಬ್ಬನೇ ಇರಲ್ಲ.”

ಬೆಳಿಗ್ಗೆ ಫೈಲುಗಳು ಬಂದು ತುಂಬಿದ ಮೇಲೆ ಸಿಂಚನಾ ಟಿಕ್ಕು ತೆಗೆದಳು. ತಕ್ಕಡಿ ಮೊದಲ ಆರ್ ಕಂಡಲ್ಲಿಗೆ ಎಡವಿ ನಿಂತಿತು. ಪರದೆಯ ಕೆಂಪು ರಿಜ್ವಾನನ ಮುಖದ ಮೇಲೂ ಬಿತ್ತು.

“ಮೇಡಂ, ಟಿಕ್ಕು ತೆಗೆದ್ರಾ? ಯಾಕ್ರೀ?” ಎಂದವನು ಅರೆಗಳಿಗೆಯಲ್ಲಿ ಅರ್ಥ ಮಾಡಿಕೊಂಡ. “ನಮ್ಮಮ್ಮಿ, ನಮ್ಮಣ್ಣ...”

“ಮಲಗಿಸಿ ಕಾಲು ಎತ್ತರಕ್ಕೆ ಇಡು ಅಂತ ಮನೇಗೆ ಫೋನ್ ಮಾಡು. ಕೇಳಿದ್ರೆ ನೀನು ಟೀ ತರಕ್ಕೆ ಹೋಗಿದ್ದೆ ಅನ್ನು.”

ಅವಳು ಆಟೋ ಹಿಡಿದು ಮನೆ ಸೇರುವಾಗ ಬೀದಿಯಲ್ಲಿ ಆಗಲೇ ಗದ್ದಲ ಎದ್ದಿತ್ತು. ಎಲ್ಲರ ಗಾಜಿನಲ್ಲೂ ಸರಾಸರಿ. ಕೆಲವರು ಕೇಂದ್ರಕ್ಕೆ ಓಡುತ್ತಿದ್ದರು, ಕೆಲವರು ಆಸ್ಪತ್ರೆಗೆ. ಭುವನ ಚಾಪೆಯ ಮೇಲೆ ದಿಂಬಿಗೆ ಕಾಲಿಟ್ಟು ಮಲಗಿದ್ದ. ಅವಳು ಉಪ್ಪು ಬೆರೆಸಿದ ನೀರನ್ನು ಗುಟುಕು ಗುಟುಕಾಗಿ ಕುಡಿಸಿದಳು. ಎಷ್ಟೋ ವರ್ಷಗಳ ಮೇಲೆ ಲೆಕ್ಕವಿಲ್ಲದೆ ನೀರು ಸಿಕ್ಕಿದ್ದಕ್ಕೆ ಅವನು ಆಹಾ ಎಂದು ಕಣ್ಣು ಮುಚ್ಚಿಕೊಂಡ. ಆದರೆ ಹೊಟ್ಟೆಗೆ ಹೋದ ನೀರು ರಕ್ತಕ್ಕೆ ಇಳಿಯುವುದಕ್ಕಿಂತ ಬೇಗ ಜರಡಿ ಎಳೆಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅವನ ಮೀನಖಂಡ ಕಲ್ಲಾಯಿತು. ಅವಳು ತಿಕ್ಕುತ್ತಲೇ ಇದ್ದಳು. ಆಮೇಲೆ ಅವನು ನಡುವೆ ನಡುವೆ ಮಾತು ಮರೆಯತೊಡಗಿದ. ಕಾವಲಿ ಕಾದಿದೆಯಾ ಎಂದು ಎರಡು ಸಲ ಕೇಳಿದ. ಅದರ ನಂತರ ಅವನ ಬಾಯಿ ಒಂದು ಕಡೆಗೆ ಜಾರಿತು. ಸಿಂಚನಾ ಬೀದಿಗೆ ಬಂದು ಕೂಗಿದಳು. ಬೀದಿಯಲ್ಲಿ ಎಲ್ಲರೂ ಯಾರಿಗಾಗಿಯೋ ಕೂಗುತ್ತಿದ್ದರು.

ಸಂಜೆ ಬೀಗ ತೆಗೆದರು. ನಿಯಮದಂತೆ ಕೇಂದ್ರ ಅವತ್ತೇ ಕಾರಣವನ್ನೂ ಹುಡುಕಿತು, ಕಾರಣ ಸಿಂಚನಾಳ ಮೇಜಿನ ಮೇಲೆಯೇ ಪಟ್ಟಿ ಮಾಡಿ ಇಟ್ಟಿತ್ತು. ಮಂದಾರ ಮತ್ತು ಉಳಿದ ಸಖಿಯರು ಟಾರ್ಚು ಹಿಡಿದು ಮನೆಮನೆಗೆ ಹೋಗಿ ಪೆಟ್ಟಿಗೆಯಲ್ಲೂ ಸೊಂಟದ ಪಟ್ಟಿಯಲ್ಲೂ ಹೆಸರಿನ ಚುಕ್ಕಿ ಅಳಿಸಿ, ಇನಿಷಿಯಲ್ಲಿನ ಜಾಗದಲ್ಲಿ ಮನೆಯ ನಂಬರು ಬರೆದರು. ಮಾರನೆಯ ಬೆಳಿಗ್ಗೆ ತಕ್ಕಡಿ ಯಾರನ್ನೂ ಬಿಡದೆ ಓದಿತು. ಸಿಂಚನಾ ಆಗ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತಿದ್ದಳು. ಕೆಲಸದಿಂದ ಅಮಾನತು ಮಾಡಿದ ಸುದ್ದಿಯನ್ನು ಅವಳಿಗೆ ಅಲ್ಲಿಗೇ ತಲುಪಿಸಿದರು. ನಿರ್ಲಕ್ಷ್ಯ ಎಂದು ಕಾರಣ ಕೊಟ್ಟಿದ್ದರು. ತಾನು ಬೇಕೆಂದೇ ಮಾಡಿದೆನೆಂದು ಅವಳು ಹೇಳಲಿಲ್ಲ, ಹಾಗೆ ಹೇಳಿದರೆ ರಿಜ್ವಾನನನ್ನೂ ಎಳೆಯುತ್ತಿದ್ದರು.

ಭುವನ ಬದುಕಿದ. ಬಲಗೈ ಬಲಗಾಲು ಅವನ ಮಾತು ಕೇಳುವುದನ್ನು ಬಿಟ್ಟವು, ನಾಲಿಗೆ ಅರ್ಧ ಕೇಳುತ್ತಿತ್ತು. ಹೋಟೆಲು ಮುಚ್ಚಿದರೆ ಅವನು ಉಳಿಯುವುದಿಲ್ಲವೆಂದು ಸಿಂಚನಾಗೆ ಗೊತ್ತಿತ್ತು. ಹಾಗಾಗಿ ಅವನನ್ನು ಕಾವಲಿಯ ಪಕ್ಕ ಗೋಡೆಗೆ ಒರಗಿಸಿ ಕೂರಿಸಿ, ಅವನ ಕಣ್ಸನ್ನೆ ನೋಡಿಕೊಂಡು ತಾನೇ ದೋಸೆ ಹುಯ್ಯತೊಡಗಿದಳು. ಮೊದಮೊದಲು ದೋಸೆ ಸೀದವು, ಹರಿದವು. ಹಳೆಯ ಗಿರಾಕಿಗಳು ಮರುಕದಿಂದ ತಿಂದರು. ಬೆಂಕಿಯ ಝಳಕ್ಕೆ ಅವಳ ಕಣ್ಣುರಿ ಇನ್ನೂ ಹೆಚ್ಚಾಯಿತು.

ಒಂದು ದಿನ ತಿಂಡಿಯ ಗದ್ದಲ ಇಳಿದ ಮೇಲೆ ಒಬ್ಬ ಮುದುಕಿ ಬಂದು ಕಾವಲಿಯ ಎದುರಿನ ಬೆಂಚಿನಲ್ಲಿ ಕೂತಳು. ಸೊಂಟದಲ್ಲಿ ಜರಡಿ, ಕೈಯಲ್ಲಿ ಸಂತೆಚೀಲ. ಒಂದು ಬೆಣ್ಣೆದೋಸೆ ಹೇಳಿ, ಗೋಡೆಗೆ ಒರಗಿದ ಭುವನನನ್ನು ನೋಡಿ ಲೊಚಗುಟ್ಟಿದಳು.

“ಕೆಂಪು ದಿನದ್ದಾ?”

ಸಿಂಚನಾ ತಲೆಯಾಡಿಸಿದಳು.

“ನಮ್ಮನೆಯವ್ರೂ ಅವತ್ತೇ ನಡುಮನೇಲಿ ಬಿದ್ದಿದ್ದು. ಎರಡು ವಾರ ಆಸ್ಪತ್ರೆ. ಕೇಂದ್ರದಾಗೆ ಯಾವಳೋ ಒಬ್ಳು ತೂಕಡಿಸ್ತಾ ಏನೋ ಒತ್ತಿಬಿಟ್ಳಂತೆ ನೋಡ್ರಿ. ಅವಳ ಮನೆ ಹಾಳಾಗ.”

ಸಿಂಚನಾ ಹಿಟ್ಟನ್ನು ಕಾವಲಿಯ ಮೇಲೆ ಸುತ್ತಿದಳು. “ನಿಮಗೇನೂ ಆಗ್ಲಿಲ್ವಾ?” ಎಂದು ಕೇಳಿದಳು.

“ನನ್ನ ಗ್ರಹಚಾರ ಅದಕ್ಕೂ ಮೊದ್ಲೇ ಕೆಟ್ಟಿತ್ತು. ಎದ್ರೆ ತಲೆಸುತ್ತು, ಕೂತ್ರೆ ಕಾಲು ಸೆಳೆತ. ನಾನಿನ್ನು ಹೊಂಟೆ ಅಂತ ಮಗಳಿಗೆ ಓಲೆ ಬಳೆ ಎಲ್ಲಾ ಕೊಟ್ಟುಬಿಟ್ಟಿದ್ದೆ. ವಿಚಿತ್ರ ಏನ್ ಗೊತ್ತಾ, ಆ ಕೆಂಪು ದಿನ ಕಳೆದ ಮಾರನೇ ದಿನದಿಂದ ನಂಗೆ ಎಲ್ಲಾ ನಿಂತೋತು. ಈಗ ನೋಡ್ರಿ, ಸಂತೆಗೆ ನಡ್ಕಂಡೇ ಬಂದೀನಿ. ದೇವ್ರು ಕಣ್ಣು ಬಿಟ್ಟ.” ಅವಳು ಬೆಂಚಿನ ಮೇಲೆ ಚೀಲ ಸರಿಪಡಿಸಿಕೊಂಡಳು. “ಒಂದೇ ಬೇಜಾರು. ಐಶ್ವರ್ಯ ಆರ್ ಅಂತಿತ್ತು ನನ್ ಹೆಸ್ರು. ರವೀಂದ್ರ ಅಲ್ವಾ ನಮ್ಮನೆಯವ್ರು. ಅವತ್ತು ರಾತ್ರಿ ಸಖಿ ಬಂದು ಆ ಆರ್ ಅಳಿಸಿ ಎಂಥದೋ ನಂಬರ್ ಬರ್ಕಂಡ್ಲು. ಮದುವೆ ಆದಾಗಿಂದ ಇದ್ದ ಅಕ್ಷರ. ಅದ್ರಿಂದ ಯಾರಿಗೇನು ತೊಂದ್ರೆ ಆಗಿತ್ತೋ ಏನೋ.”

ಸಿಂಚನಾಳ ಕೈ ನಿಂತಿತು. ಆ ಯಾವಳೋ ಒಬ್ಬಳು ನಾನೇ ಎಂಬ ಮಾತು ಗಂಟಲವರೆಗೆ ಬಂತು. ನೀನು ನಡೆದು ಸಂತೆಗೆ ಬರಲೆಂದು ಈ ಮನುಷ್ಯ ಇಲ್ಲಿ ಹೀಗೆ ಕೂತಿದ್ದಾನೆ, ನೋಡು, ಕಣ್ಣು ತುಂಬ ನೋಡು ಎಂದು ಕೂಗಿಬಿಡಬೇಕೆನಿಸಿತು. ಸಿಟ್ಟು, ಅಳು ಎರಡೂ ಒಟ್ಟಿಗೆ ಬಂದು ಅವಳು ಭುವನನ ಕಡೆ ತಿರುಗಿದಳು. ಅವನು ಎಲ್ಲವನ್ನೂ ಕೇಳಿಸಿಕೊಂಡಿದ್ದ. ಮುದುಕಿಯ ಕಾಲನ್ನೇ ನೋಡುತ್ತಿದ್ದ. ಅವನ ಮುಖದ ಆಡುವ ಅರ್ಧ ನಗುತ್ತಿತ್ತು. ನಾಲಿಗೆಯನ್ನು ಕಷ್ಟಪಟ್ಟು ಹೊರಳಿಸಿ, ಒಂದೊಂದೇ ಮಾತು ತಳ್ಳಿದ.

“ಅವ್ರಿಗೆ... ಬೆಣ್ಣೆ... ಇನ್ನೊಂಚೂರು ಹಾಕು.”

ಸಿಂಚನಾ ಸೆರಗಿನಿಂದ ಮುಖ ಒರೆಸಿಕೊಂಡು, ಬೆಣ್ಣೆಯ ಉಂಡೆ ತೆಗೆದು ಆ ದೋಸೆಯ ಮೇಲಿಟ್ಟಳು.